ಕಳೆದ ಏಳು ದಿನಗಳಲ್ಲಿ

ಶಹಾಬಾದಿನ ಸ್ಟೇಷನ್ ದಾಟಿದರೆ ಬೂದು ಬಣ್ಣದ ಓಣಿ.
ಗೋಡೆ ಪರಸಿ, ನೆಲ ಪರಸಿ, ಚರಂಡಿಯ ಮುಚ್ಚಳವೂ ಪರಸಿ,
ಬಾಗಿಲಲ್ಲಿ ಕೂತವರ ರೆಪ್ಪೆಯ ಮೇಲೂ ಅದರದೇ ಹಿಟ್ಟು.
ನನ್ನ ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಸರಕಾರದ ಟ್ಯಾಬು,
ಬಾಯಲ್ಲಿ ಒಂದೇ ಪ್ರಶ್ನೆ:
ಕಳೆದ ಏಳು ದಿನಗಳಲ್ಲಿ, ಯಾವುದಾದರೂ ಒಂದು ದಿನ,
ಒಂದು ತಾಸಾದರೂ ನೀವು ಕೆಲಸ ಮಾಡಿದ್ದೀರಾ?

ಪುಸ್ತಕದ ಕನ್ನಡದಲ್ಲಿ ಕೇಳಿದರೆ ನಗುತ್ತಾರೆ.
‘ಹೋದ ವಾರ ಏನರ ದುಡದೀರೇನ್ರಿ?’ ಅಂತ ಕೇಳಿದರೆ
ಸುಮ್ಮನಾಗುತ್ತಾರೆ.

ಮಶಾಕನಿಗೆ ಇಪ್ಪತ್ತನಾಲ್ಕು. ಐಟಿಐ, ಫಿಟ್ಟರ್.
ಸರ್ಟಿಫಿಕೇಟಿಗೆ ಪ್ಲಾಸ್ಟಿಕ್ ಹೊದಿಸಿ ಟ್ರಂಕಿನಲ್ಲಿಟ್ಟಿದ್ದಾನೆ.
ಕೆಲಸ ಹುಡುಕಿದಿರಾ?
‘ಹೋದ ವರ್ಷ ಹುಡುಕೀನ್ರಿ.’
ಹೋದ ವಾರ?
‘ಮುಂಜಾನೆ ಏಳಕ್ಕ ಚೌಕಿಗಿ ಹೋಗಿ ನಿಂದರತೀನಿ.
ಯಾರರ ಕರದ್ರ ಹೋಗತೀನಿ. ಹೋದ ವಾರ ಯಾರೂ ಕರೀಲಿಲ್ಲ.’
ನಿಂತದ್ದು ಹುಡುಕಿದಂತೆಯೇ?
ಕೈಪಿಡಿ ತಿರುವಿದೆ. ಹುಡುಕಿದವನು ನಿರುದ್ಯೋಗಿ,
ಹುಡುಕುವುದನ್ನು ಬಿಟ್ಟವನು ನಿರುದ್ಯೋಗಿಯೂ ಅಲ್ಲ,
ಅವನು ಲೆಕ್ಕದ ಹೊಸಿಲಿನ ಆಚೆ,
ಚಪ್ಪಲಿ ಬಿಟ್ಟಲ್ಲಿ.
‘ನಿಂದರೋದು ಹಗೂರ ಅಂತ ತಿಳದೀರೇನ್ರಿ?’ ಅಂದ.
ಹುಡುಕುತ್ತಿದ್ದಾನೆ ಎಂದೇ ಒತ್ತಿದೆ.

ದತ್ತಪ್ಪನ ವಯಸ್ಸು ಕಾರ್ಡಿನಲ್ಲಿ ಐವತ್ತೊಂದು, ಕೆಮ್ಮಿನಲ್ಲಿ ಎಂಬತ್ತು.
ಮೂವತ್ತು ವರ್ಷ ಖಣಿಯಲ್ಲಿ ಕಲ್ಲಿನ ಪದರು ಎಬ್ಬಿಸಿದವನು
ಈಗ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ತೂಗುತ್ತಾನೆ.
ಮಗಳು ಬೇಳೆ ಮಿಲ್ಲಿಗೆ ಹೋಗುವುದಕ್ಕೆ
ಆ ತೊಡೆಯೇ ಆಧಾರ.
ದುಡಿಯಲು ಅಸಮರ್ಥ, ತೊಂಬತ್ತೈದು.
ತೊಡೆಗೆ ಸಂಖ್ಯೆ ಇರಲಿಲ್ಲ.

ಘಾಳಮ್ಮನ ಪಾಲಿನ ಉತ್ತರ ಕೊಟ್ಟವನು ಗಂಡ.
‘ಅಕಿ ಏನ್ ಮಾಡ್ತಾಳ್ರಿ, ಖಾಲಿ ಮನ್ಯಾಗ ಇರ್ತಾಳ.’
ಒಳಗಿನಿಂದ ತಟ್ ತಟ್ ತಟ್.
ಟ್ಯಾಬು ತೊಂಬತ್ತೆರಡನ್ನು ಮುಂದೆ ಚಾಚಿತ್ತು:
ಮನೆಗೆಲಸ ಮಾತ್ರ. ಬೆರಳು ಇಳಿಯಬೇಕು, ಅಷ್ಟೆ.
ತಟ್ ತಟ್.
ಅದೇನು ಸಪ್ಪಳ? ‘ರೊಟ್ಟಿ.’
ಎಷ್ಟು? ಅವನಿಗೆ ಗೊತ್ತಿರಲಿಲ್ಲ.
ಒಲೆಯ ಕಡೆಯಿಂದ ಬಂತು:
‘ಐವತ್ತು. ನಲವತ್ತು ಖಾನಾವಳಿಗಿ, ಹತ್ತು ನಮಗ.’
ರೊಕ್ಕ? ‘ವಾರಕ್ಕೊಮ್ಮಿ. ಅತ್ತಿ ಕೈಯಾಗ ಕೊಟ್ಟು ಹೋಗ್ತಾನ.’

ಒಂದೇ ಹಂಚು, ಒಂದೇ ಜೋಳ, ಒಂದೇ ಅಂಗೈ.
ನಲವತ್ತು ಬೇಯುವ ತನಕ ಅವಳು ದೇಶದ ದುಡಿಮೆಗಾರ್ತಿ,
ನಲವತ್ತೊಂದನೆಯದು ಹಂಚಿಗೆ ಬಿದ್ದೊಡನೆ
ಏನೂ ಮಾಡದವಳು.
ನಡುವೆ ಅವಳು ಬೆವರು ಕೂಡ ಒರೆಸಿಕೊಳ್ಳುವುದಿಲ್ಲ.

ಹನ್ನೊಂದು ಎಂದು ಒತ್ತಿದೆ: ಸ್ವಂತ ಉದ್ಯೋಗ.
ಗಂಡ ಬಗ್ಗಿ ನೋಡಿದ.
‘ಇದರಿಂದ ರೇಶನ್ ಕಾರ್ಡ್ ಹೋಗೂದಿಲ್ಲಲ್ರಿ?’

ಐವತ್ತೊಂದನೆಯ ರೊಟ್ಟಿ ನನ್ನ ಕೈಗೆ ಬಂತು,
ಮೇಲೆ ಪುಂಡಿಪಲ್ಯ, ಅಂಚಿಗೆ ಶೇಂಗಾಹಿಂಡಿ.
‘ನಿಂದು ಪಗಾರ ಎಷ್ಟಬೇ?’ ಅಂದಳು.
ಮನೆಗೊಂದಿಷ್ಟು ಅಂತ. ಗುತ್ತಿಗೆ. ಮೂರು ತಿಂಗಳದ್ದು ಬಂದಿಲ್ಲ.
‘ಅಂದ್ರ ನೀನೂ ಖಾಲಿ ಅನ್ನು!’
ನಕ್ಕೆವು, ಗಂಡ ನಗಲಿಲ್ಲ.

ಸಂಜೆ ಪ್ಯಾಸೆಂಜರಿನಲ್ಲಿ, ಮರತೂರು ದಾಟುವಾಗ, ಸಾಹೇಬರ ಫೋನು.
‘ಆ ಬ್ಲಾಕಿನಾಗ ಹೆಣ್ಣಮಕ್ಕಳ ನಂಬರ್ ಏಕದಂ ಏರ್ಯಾದ.
ಸಿಸ್ಟಮ್ ಕೆಂಪು ತೋರಸಲಿಕತ್ತದ.
ನೀನೇ ಕೆದಕಿ ಕೆದಕಿ ಹೇಳಿಸಿದೇನು?’
ಕೆದಕಲಿಲ್ಲ ಸರ್, ಸಪ್ಪಳ ಕೇಳಿತು.
ಆ ಕಡೆ ಒಂದಿಷ್ಟು ಹೊತ್ತು ಮಾತಿಲ್ಲ.
‘ನಾಳೆ ಮತ್ತೊಮ್ಮೆ ಹೋಗಿ ಖಾತ್ರಿ ಮಾಡ್ಕೊಂಡು ಬಾ.’

ನಾಳೆ. ಏಳು ದಿನದ ಲೆಕ್ಕ ಒಂದು ದಿನ ಸರಿಯುತ್ತದೆ.
ಹೋದ ಸೋಮವಾರ ಜಾರಿ ಹೊರಗೆ ಬೀಳುತ್ತದೆ,
ಈ ಸೋಮವಾರ ಒಳಗೆ.
ಮಶಾಕ್ ಏಳಕ್ಕೆ ಚೌಕಿನಲ್ಲಿ ನಿಂತಿರುತ್ತಾನೆ.
ನಾನು ತಲುಪುವ ಹೊತ್ತಿಗೆ
ಇಪ್ಪತ್ತಾದರೂ ಬೆಂದಿರುತ್ತವೆ.